ತುಮಕೂರು ಸುತ್ತಮುತ್ತ ಬೆಟ್ಟ, ಹಕ್ಕಿ ಫೋಟೋ ತೆಗೆಯೋಕೆ ಭಾನುವಾರ ಬೆಳಗ್ಗೆ ಹೋಗಿ ಬರೋ ಜಾಗ ಹೇಳಿ

ಕ್ಯಾತ್ಸಂದ್ರ_ಕ್ಲಿಕ್:

ಎಲ್ರಿಗೂ ನಮಸ್ಕಾರ. ನಾನಿರೋದು ತುಮಕೂರಲ್ಲಿ, ಕ್ಯಾತ್ಸಂದ್ರದ ಹತ್ರ. ಸೆಕೆಂಡ್ ಹ್ಯಾಂಡಲ್ಲಿ ಒಂದು ಕ್ರಾಪ್ ಸೆನ್ಸರ್ (ಅಂದ್ರೆ ಸೆನ್ಸರ್ ಸ್ವಲ್ಪ ಚಿಕ್ಕದಿರೋ) ಕ್ಯಾಮೆರಾ ತಗೊಂಡಿದೀನಿ, ಜೊತೆಗೆ ಅಗಲವಾಗಿ ತೋರ್ಸೋ 18-55 ಎಂಎಂ, ದೂರದ್ದನ್ನ ಹತ್ರ ತರೋ 70-300 ಎಂಎಂ ಲೆನ್ಸ್ ಇದೆ. ಯಾರನ್ನ ಕೇಳಿದ್ರೂ ಕಬಿನಿಗೆ ಹೋಗಿ, ಬಂಡೀಪುರಕ್ಕೆ ಹೋಗಿ ಅಂತಾರೆ, ಅಲ್ಲಿ ಸಫಾರಿ, ರೂಮು, ಪೆಟ್ರೋಲು ಅಂತ ಲೆಕ್ಕ ಹಾಕಿದ್ರೆ ವರ್ಷಕ್ಕೊಂದ್ಸಲ ಹೋಗೋದೂ ಕಷ್ಟ, ಮನೇಲಿ ಪುಟ್ಟ ಮಗು ಬೇರೆ ಇದೆ, ನಂಗೆ ಸಿಗೋದು ಭಾನುವಾರ ಬೆಳಗ್ಗೆ ಮಾತ್ರ, ಹತ್ತೂವರೆ ಒಳಗೆ ಮನೆಗೆ ಬಂದಿರಬೇಕು.

ಬೈಕಲ್ಲಿ ಒಂದು ಗಂಟೆ ದೂರದೊಳಗೆ ಏನೇನಿದೆ ಹೇಳಿ. ಬೆಟ್ಟ, ಕೆರೆ ಲ್ಯಾಂಡ್‌ಸ್ಕೇಪೂ ಬೇಕು, ಹಕ್ಕಿ ಪ್ರಾಣಿನೂ ಬೇಕು. ಈಗ ನನ್ ಫೋಟೋಗಳು ಹೆಂಗಿವೆ ಅಂದ್ರೆ ಹಕ್ಕಿ ಒಂದು ಕಪ್ಪು ಚುಕ್ಕಿ, ಹಿಂದೆ ಬೆಳ್ಳಗಿನ ಆಕಾಶ, ಬೆಟ್ಟ ತೆಗೆದ್ರೆ ಎಲ್ಲಾ ಮಬ್ಬು ಮಬ್ಬು. ದೊಡ್ಡ ಲೆನ್ಸ್ ತಗೊಂಡ್ರೆ ಸರಿಹೋಗುತ್ತಾ ಅಥವಾ ನಾನು ತೆಗೆಯೋ ರೀತಿನೇ ಬದಲಾಗ್ಬೇಕಾ? ಇನ್ನೊಂದು, ಫ್ರೆಂಡೊಬ್ಬ ರಾತ್ರಿ ಹೊತ್ತು ಕಾಡುಪಾಪ ತೋರಿಸ್ತೀನಿ ಬಾ, ಟಾರ್ಚು ಫ್ಲ್ಯಾಶು ತಗೊಂಬಾ ಅಂತಿದಾನೆ. ಹೋಗ್ಬಹುದಾ?

ಏರಿಮೇಲೆ:

ಸರ್, ಲೆನ್ಸಿಗೆ ದುಡ್ಡು ಹಾಕೋದು ಸದ್ಯಕ್ಕೆ ಬೇಡ. 70-300 ಅಂದ್ರೆ ಕ್ರಾಪ್ ಬಾಡೀಲಿ ಹೆಚ್ಚೂ ಕಮ್ಮಿ 450 ಎಂಎಂ ಲೆನ್ಸಿನಷ್ಟು ಹತ್ರ ತಂದಂಗೆ ಆಯ್ತು, ಕೆರೆ ಹಕ್ಕಿಗೆ ಅದು ಸಾಕು. ನಿಮ್ಮ ಕಪ್ಪು ಚುಕ್ಕಿ, ಬಿಳಿ ಆಕಾಶದ ತೊಂದರೆ ಬಂದಿರೋದು ನೀವು ನಿಂತಿರೋ ಜಾಗದಿಂದ. ಕೆಳಗೆ ನಿಂತು ಮರದ ಮೇಲಿರೋ ಹಕ್ಕಿ ತೆಗೆದ್ರೆ ಹಿಂದೆ ಆಕಾಶನೇ ತಾನೇ ಬರೋದು, ಅಂಥ ಟೈಮಲ್ಲಿ ಎಕ್ಸ್‌ಪೋಶರ್ ಕಾಂಪನ್ಸೇಶನ್ (ಫೋಟೋ ಬೆಳಕು ಹೆಚ್ಚು ಕಮ್ಮಿ ಮಾಡೋ ಸೆಟ್ಟಿಂಗು) ಪ್ಲಸ್ ಒಂದಕ್ಕೆ ಇಟ್ರೆ ಹಕ್ಕಿ ಬಣ್ಣ ಏನೋ ಕಾಣುತ್ತೆ, ಆದ್ರೂ ಫೋಟೋ ಚೆನ್ನಾಗಿರಲ್ಲ. ಅದರ ಬದಲು ಮೈದಾಳ ಕೆರೆಗೋ ನಿಮಗೆ ಹತ್ರ ಇರೋ ಇನ್ಯಾವ್ದಾದ್ರೂ ಕೆರೆಗೋ ಹೋಗಿ, ಏರಿ ಮೇಲೆ ನಿಲ್ಲೋದು ಬಿಟ್ಟು ಇಳಿದು ನೀರಂಚಿಗೆ ಬಂದು ಕೂತ್ಕೊಳ್ಳಿ, ಕ್ಯಾಮೆರಾನ ಮೊಣಕಾಲು ಮಟ್ಟಕ್ಕಿಂತ ಕೆಳಗೆ ತನ್ನಿ. ಆಗ ನಾಮದಕೋಳಿ, ಗುಳುಮುಳುಕ ಎಲ್ಲಾ ನಿಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತೆ, ಹಿಂದೆ ದೂರದ ನೀರು, ಜೊಂಡು ಎಲ್ಲಾ ಕರಗಿ ಒಂದೇ ಬಣ್ಣ ಆಗುತ್ತೆ. ಲೆನ್ಸ್ ಅದೇ, ಫೋಟೋನೇ ಬೇರೆ.

ಸೂರ್ಯ ಬೆನ್ನ ಹಿಂದೆ ಇರೋ ದಡ ಯಾವ್ದು ಅಂತ ಮೊದಲೇ ನೋಡ್ಕೊಳ್ಳಿ. ಬೆಳಗ್ಗೆ ಹೋಗೋರು ಕೆರೆಯ ಪೂರ್ವದ ದಡದಲ್ಲಿ ಕೂತು ಪಶ್ಚಿಮಕ್ಕೆ ಮುಖ ಮಾಡ್ಬೇಕು.

ಮಿಂಚುಳ್ಳಿ ಬೇಕು ಅಂದ್ರೆ ಹಕ್ಕಿ ಹಿಂದೆ ಓಡ್ಬೇಡಿ, ಅದು ಕೂರೋ ಜಾಗ ಹುಡುಕಿ. ನೀರಲ್ಲಿ ನೆಟ್ಟಿರೋ ಗೂಟ, ಒಣಕೊಂಬೆ, ಪಂಪ್‌ಸೆಟ್ಟಿನ ಪೈಪು, ಯಾವ್ದರ ಮೇಲೆ ಬಿಳೀ ಹಿಕ್ಕೆ ಸುರಿದು ಗೆರೆಗೆರೆ ಆಗಿದೆಯೋ ಅಲ್ಲಿಗೆ ಅದು ವಾಪಸ್ ಬಂದೇ ಬರುತ್ತೆ. ಅದರ ಮೇಲೆ ಫೋಕಸ್ ಇಟ್ಕೊಂಡು ಅಲ್ಲಾಡದೆ ಕೂತಿರಿ. ಮೀನು ಹಿಡ್ಕೊಂಬಂದು ಕೊಂಬೆಗೆ ಎಡಕ್ಕೊಂದ್ಸಲ ಬಲಕ್ಕೊಂದ್ಸಲ ಬಡೀತದೆ, ಮೀನಿನ ತಲೆ ಬಾಯೊಳಗೆ ಹೋಗೋ ಹಾಗೆ ತಿರುಗಿಸ್ಕೊಂಡು ಆಮೇಲೇ ನುಂಗೋದು, ಅಷ್ಟು ಹೊತ್ತು ನಿಮಗೆ ಟೈಮ್ ಸಿಗುತ್ತೆ. ಶಟರ್ ಸ್ಪೀಡು ಕೂತ ಹಕ್ಕಿಗೆ 1/500 ಸೆಕೆಂಡು, ಹಾರೋದಕ್ಕೆ 1/2000, ಅಪರ್ಚರ್ (ಲೆನ್ಸಲ್ಲಿ ಬೆಳಕು ಬಿಡೋ ಕಿಂಡಿ) ಎಫ್ 8, ಐಎಸ್ಒ (ಬೆಳಕಿಗೆ ಸೆನ್ಸರ್ ಎಷ್ಟು ಸ್ಪಂದಿಸ್ಬೇಕು ಅನ್ನೋದು) ಆಟೋ. ಈ ಥರ ಲೆನ್ಸು 300ರ ತುದೀಲಿ ಸ್ವಲ್ಪ ಮೆತ್ತಗಾಗುತ್ತೆ, ಎಫ್ 8ಕ್ಕೆ ಇಟ್ರೆ ಪರವಾಗಿಲ್ಲ. ಟ್ರೈಪಾಡ್ ಹೊರೋ ಬದಲು ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಎರಡೂ ಕಡೆ ಹೊಲಿದು ಒಳಗೆ ರಾಗಿ ತುಂಬಿ, ನೆಲದ ಮೇಲೆ ಇಟ್ಟು ಅದರ ಮೇಲೆ ಲೆನ್ಸ್ ಕೂರಿಸಿದ್ರೆ ಬಂಡೆ ಥರ ನಿಲ್ಲುತ್ತೆ.

ಬೆಟ್ಟದ್_ದಾರಿ:

ಬೆಟ್ಟ ಅಂದ್ರೆ ನಿಮ್ಮ ಮನೆ ಹಿಂದೇನೇ ದೇವರಾಯನದುರ್ಗ ಇದೆಯಲ್ಲ ಬ್ರದರ್, ಟೌನಿಂದ 15 ಕಿಮೀ ಅಷ್ಟೇ. ಮಬ್ಬು ಬರ್ತಿರೋದಕ್ಕೆ ಕಾಲನೇ ಕಾರಣ. ಫೆಬ್ರವರಿಯಿಂದ ಮೇ ತನಕ ಧೂಳು, ಒಣಹುಲ್ಲಿಗೆ ಬೆಂಕಿ ಬಿದ್ದು ಹೊಗೆ, ಆಗ ಎಂಟು ಗಂಟೆ ಮೇಲೆ ಅಲ್ಲಿಂದ ಏನ್ ತೆಗೆದ್ರೂ ಬೂದಿ ಬಳಿದಂಗೆ ಇರುತ್ತೆ. ಮಳೆಗಾಲದಲ್ಲಿ ರಾತ್ರಿ ಚೆನ್ನಾಗಿ ಹೊಯ್ದು ಬೆಳಗ್ಗೆ ಬಿಟ್ಟಿರೋ ದಿನ ಹೋಗಿ, ದೂರದ ಬೆಟ್ಟದ ಸಾಲೆಲ್ಲಾ ಒಂದೊಂದೂ ಎಣಿಸ್ಬಹುದು. ಬಂಡೆ ಮೇಲಿನ ಗುಂಡಿಗಳಲ್ಲಿ ನೀರು ನಿಂತಿರುತ್ತೆ, 18-55 ಹಾಕ್ಕೊಂಡು ನೀರಿಗೆ ಮೂಗು ತಾಗೋ ಅಷ್ಟು ಹತ್ರ ಕ್ಯಾಮೆರಾ ಇಟ್ರೆ ಮೇಲಿನ ಮೋಡ, ನರಸಿಂಹನ ಗುಡಿ ಬೆಟ್ಟ ಎರಡೂ ಆ ಗುಂಡೀಲೇ ಕಾಣುತ್ತೆ. ನವೆಂಬರಿಂದ ಜನವರಿ ಮಂಜಿನ ಕಾಲ, ಆಗ 70-300 ಹಾಕಿ, ಯಾಕಂದ್ರೆ ದೊಡ್ಡ ಲೆನ್ಸು ಒಂದರ ಹಿಂದೆ ಒಂದಿರೋ ಬೆಟ್ಟಗಳನ್ನ ಹತ್ರ ಹತ್ರ ತಂದು ಪದರ ಪದರವಾಗಿ ತೋರಿಸುತ್ತೆ, ಲ್ಯಾಂಡ್‌ಸ್ಕೇಪ್ ಅಂದ್ರೆ ವೈಡ್ ಲೆನ್ಸೇ ಆಗ್ಬೇಕು ಅಂತೇನಿಲ್ಲ.

ಹಕ್ಕಿನೂ ಅಲ್ಲೇ ಇದೆ. ಹಳದಿ ಕೊರಳಿನ ಪಿಕಳಾರ ಅಂತ, ದಕ್ಷಿಣ ಭಾರತದ ಬಂಡೆ, ಕುರುಚಲು ಇರೋ ಬೆಟ್ಟಗಳಲ್ಲಿ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ, ಅದನ್ನ ನೋಡೋಕೆ ಅಂತಾನೇ ದೂರದೂರಿಂದ ಜನ ದುರ್ಗಕ್ಕೆ ಬರ್ತಾರೆ, ನಿಮಗೆ ಬೈಕಲ್ಲಿ ಅರ್ಧ ಗಂಟೆ. ದಯವಿಟ್ಟು ಮೊಬೈಲಲ್ಲಿ ಅದರ ಕೂಗು ಹಾಕಿ ಕರೀಬೇಡಿ, ಬೇರೆ ಹಕ್ಕಿ ತನ್ನ ಜಾಗಕ್ಕೆ ನುಗ್ತು ಅಂದ್ಕೊಂಡು ಮೇವು ಮರಿ ಬಿಟ್ಟು ಒದ್ದಾಡುತ್ತೆ. ಮಳೆ ಹತ್ರ ಬರೋ ಟೈಮಲ್ಲಿ ಬಂಡೆ ಮೇಲೆ ಗಂಡು ಓತಿಕ್ಯಾತ ಕೆಂಪು ಕಪ್ಪು ಆಗಿ ತಲೆ ಆಡಿಸ್ತಾ ಕೂತಿರುತ್ತೆ, ಅದಂತೂ ಯಾವ ಸಫಾರಿಗೂ ಕಮ್ಮಿ ಇಲ್ಲ ಅಂತ ನನ್ನ ಅಭಿಪ್ರಾಯ. ಒಂದು ಮಾತು, ಚಿರತೆ ಕರಡಿ ಓಡಾಡೋ ಕಾಡದು, ಕತ್ತಲಲ್ಲಿ ರಸ್ತೆ ಬಿಟ್ಟು ಒಳಗೆ ಇಳೀಬೇಡಿ.

ಶಿರಾಸೀಮೆ:

ಅಣ್ಣ ನಮ್ ಕಡೆ ಬನ್ನಿ, ಕಗ್ಗಲಡು. ಶಿರಾದಿಂದ ಹತ್ತು ಕಿಮೀ ಒಳಗೇ ಐತೆ, ತುಮಕೂರಿಂದ ಹೈವೇಲಿ ಬಂದ್ರೆ ನೀವ್ ಹೇಳಿದ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಆಗ್ಬೋದು, ಆದ್ರೆ ಬರ್ಲೇಬೇಕು. ಊರ ನಡುವೆ ಹುಣಸೆ ಮರ, ಮರದ ತುಂಬಾ ಬಣ್ಣದ ಕೊಕ್ಕರೆ ಗೂಡು, ಬೂದು ಬಕನೂ ಅಲ್ಲೇ ಗೂಡು ಕಟ್ತವೆ. ವರ್ಷದ ಮೊದಲಲ್ಲಿ ಬಂದು ಮರಿ ಮಾಡ್ಕೊಂಡು ಮಳೆಗಾಲದ ಹೊತ್ತಿಗೆ ಹೋಗ್ತವೆ. ಕೆಳಗೆ ದನ ಕಟ್ಟಿರ್ತಾರೆ, ಹೆಂಗಸ್ರು ನೀರು ಹಿಡೀತಿರ್ತಾರೆ, ಮೇಲೆ ಕೊಕ್ಕರೆ ಸಂಸಾರ. ಊರೋರು ಆ ಹಕ್ಕಿಗಳನ್ನ ಮನೇವ್ರ ಥರ ನೋಡ್ಕತಾರೆ.

ಅಲ್ಲಿ ತೆಗೆಯೋಕೆ ಇರೋ ಫೋಟೋ ಯಾವ್ದು ಗೊತ್ತಾ, ಏಪ್ರಿಲ್ ಬಿಸಿಲಲ್ಲಿ ತಾಯಿ ಕೊಕ್ಕರೆ ಸೂರ್ಯನ ಕಡೆ ಬೆನ್ನು ಹಾಕಿ ಎರಡೂ ರೆಕ್ಕೆ ಅಗಲಿಸಿ ನಿಂತಿರುತ್ತೆ, ಆ ನೆರಳಲ್ಲಿ ಮರಿಗಳು ಬಾಯಿ ತೆರ್ಕೊಂಡು ಕೂತಿರ್ತವೆ. ಕೆರೆಯಿಂದ ಗಂಟಲಲ್ಲಿ ನೀರು ತಂದು ಮರಿ ಮೇಲೆ ಸುರಿಯುತ್ತೆ. ಅಲ್ಲಿಗೆ ಬರೋ ಕೆಲವ್ರು ಹಾರೋ ಫೋಟೋ ಬೇಕು ಅಂತ ಚಪ್ಪಾಳೆ ತಟ್ತಾರೆ, ಕಲ್ಲು ಬೀರ್ತಾರೆ, ಒಬ್ರು ಡ್ರೋನ್ ಹಾರ್ಸೋಕೆ ನೋಡಿದ್ರು. ತಾಯಿ ಎದ್ದೋದ್ರೆ ಆ ಬಿಸಿಲಿಗೆ ಮರಿ ಉಳೀತದಾ? ಯೋಚ್ನೆ ಮಾಡಿ. ಸುಮ್ನೆ ಕೂತಿದ್ರೆ ಅವೇ ಮೇವಿಗೆ ಹೋಗಿ ಬರ್ತಾನೆ ಇರ್ತವೆ, ಗೂಡಿಗೆ ಇಳಿಯೋವಾಗ ಕಾಲು ಮುಂದಕ್ಕೆ ಚಾಚ್ತವೆ, ಆಗ ಹೊಡೀರಿ. ಬಿಳೀ ಹಕ್ಕಿ ಆದ್ರಿಂದ ಬಿಸಿಲಲ್ಲಿ ಎಕ್ಸ್‌ಪೋಶರ್ ಕಾಂಪನ್ಸೇಶನ್ನ ಮೈನಸ್ ಅರ್ಧ ಇಲ್ಲ ಮುಕ್ಕಾಲಿಗೆ ಇಟ್ಕಳಿ, ಇಲ್ಲಾಂದ್ರೆ ಪುಕ್ಕ ಎಲ್ಲಾ ಸುಣ್ಣ ಬಳಿದಂಗೆ ಬತ್ತದೆ. ಯಾರ್ದಾದ್ರೂ ಮನೆ ಮಾಳಿಗೆ ಹತ್ಬೇಕು ಅಂದ್ರೆ ಕೇಳಿ ಹತ್ತಿ, ಬೇಡ ಅನ್ನಲ್ಲ.

ಹಾಲಕ್ಕಿ:

ಕಾಡುಪಾಪದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ಬರೀತಿದೀನಿ. ಬೇಡ ಸರ್, ಹೋಗ್ಬೇಡಿ. ಅದು ಪೂರ್ತಿ ರಾತ್ರಿ ಜೀವಿ, ಮುಖದ ತುಂಬಾ ಕಣ್ಣೇ ಇರೋದು, ಕತ್ತಲಲ್ಲಿ ಹುಳ ಹುಡ್ಕೋಕೆ ಅಂತ ಇರೋ ಕಣ್ಣು. ಅದಕ್ಕೆ ಬಿಳಿ ಟಾರ್ಚು, ಫ್ಲ್ಯಾಶು ಬಿಟ್ರೆ ಏನೂ ಕಾಣದೆ ಕೊಂಬೆ ಹಿಡ್ಕೊಂಡು ಅಲ್ಲಾಡದೆ ನಿಂತುಬಿಡುತ್ತೆ, ಜನ ಅದನ್ನೇ ಪೋಸ್ ಕೊಡ್ತಿದೆ ಅಂದ್ಕೋತಾರೆ. ಅದರ ಬಗ್ಗೆ ಸಂಶೋಧನೆ ಮಾಡೋರು ಕೆಂಪು ಬೆಳಕು ಬಳಸೋದೇ ಅದಕ್ಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೇಲಿ ಮೊದಲನೇ ಶೆಡ್ಯೂಲಲ್ಲಿರೋ ಪ್ರಾಣಿ, ಹುಲಿ ಇರೋ ಪಟ್ಟಿನೇ. ಮಾಟ ಮಂತ್ರಕ್ಕೆ ಅಂತ ಅದನ್ನ ಹಿಡಿಯೋ ಜನ ಇನ್ನೂ ಇದಾರೆ, ನೀವು ಫೋಟೋ ಹಾಕಿ ಕೆಳಗೆ ಊರ ಹೆಸರು ಬರೆದ್ರೆ ಅವರಿಗೆ ದಾರಿ ತೋರಿಸಿದ ಹಾಗೆ. ಫ್ರೆಂಡಿಗೂ ಇದನ್ನ ಸಮಾಧಾನವಾಗಿ ಹೇಳಿ.

ರಾತ್ರಿ ಹಕ್ಕಿನೇ ಬೇಕು ಅಂದ್ರೆ ನನ್ ಹೆಸರಿನ ಹಕ್ಕಿ ಇದೆ, ಹಾಲಕ್ಕಿ, ಅಂದ್ರೆ ಒಂದು ಪುಟ್ಟ ಗೂಬೆ. ಹಳೇ ಮಾವಿನ ಮರ, ಆಲದ ಮರದ ಪೊಟರೆ ಬಾಯಲ್ಲಿ ಬೆಳಗ್ಗೆ ಬಿಸಿಲು ಕಾಯ್ತಾ ಜೋಡಿ ಕೂತಿರುತ್ತೆ, ಹಗಲಿನ ಬೆಳಕಲ್ಲೇ ಸಿಗುತ್ತೆ. ನಮ್ ಬೀದಿ ಕೊನೇ ಮರದಲ್ಲೇ ಇದೆ, ಆ ದಾರೀಲಿ ದಿನಾ ಓಡಾಡೋ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮಧುಗಿರಿ_ಬಂಡೆ:

ಏರಿಮೇಲೆ ಅವ್ರು ಹೇಳಿದ್ದು ಕೆರೆಗೆ ಸರಿ, ಆದ್ರೆ ಕೃಷ್ಣಮೃಗಕ್ಕೆ 300 ಸಾಲಲ್ಲ ಅನ್ನೋದು ನನ್ ಅನುಭವ. ನಮ್ ತಾಲೂಕಿನ ಮೈದನಹಳ್ಳಿ ಹತ್ರ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ, ಬಯಲು ಹುಲ್ಲುಗಾವಲು, ಅವಿತು ಕೂರೋಕೆ ಒಂದು ಗಿಡ ಇಲ್ಲ, ಹತ್ರ ಬಿಟ್ಕೊಳಲ್ಲ. ಹಾಗಂತ ದೊಡ್ಡ ಲೆನ್ಸ್ ತಗೊಳ್ಳಿ ಅಂತಿಲ್ಲ. ಅಲ್ಲಿ ಪ್ರಾಣೀನ ಚಿಕ್ಕದಾಗೇ ಬಿಡಿ, ಹುಲ್ಲು, ಆಕಾಶ, ಮಧ್ಯ ಕೊಂಬು ಎತ್ತಿ ನಿಂತ ಒಂದು ಕಪ್ಪು ಗಂಡು, ನಿಮಗೆ ಬೇಕಾದ ಲ್ಯಾಂಡ್‌ಸ್ಕೇಪು ಪ್ರಾಣಿ ಎರಡೂ ಒಂದೇ ಫ್ರೇಮಲ್ಲಿ ಬಂತಲ್ಲ. ಒಂಬತ್ತು ಗಂಟೆ ಆದ್ಮೇಲೆ ನೆಲದಿಂದ ಝಳ ಏಳೋಕೆ ಶುರು, ಆಗ ಲಕ್ಷಗಟ್ಲೆ ಲೆನ್ಸ್ ಇದ್ರೂ ದೂರದ ಪ್ರಾಣಿ ಅಲೆಅಲೆಯಾಗೇ ಬರೋದು. ಹಾಗಾಗಿ ಬೆಳಕು ಹರಿಯೋವಾಗಲೇ ಅಲ್ಲಿರಬೇಕು, ತುಮಕೂರಿಂದ ಒಂದೂವರೆ ಗಂಟೆ ಇಟ್ಕೊಳ್ಳಿ, ಅಂದ್ರೆ ತಿಂಗಳಿಗೊಂದ್ಸಲದ ಲೆಕ್ಕ. ಅರಣ್ಯ ಇಲಾಖೆಯವ್ರನ್ನ ಮೊದಲೇ ಕೇಳ್ಕೊಳ್ಳಿ, ಬೈಕಲ್ಲಿ ಹಿಂಡಿನ ಹಿಂದೆ ಓಡಿಸೋ ಹುಡುಗರ ಜೊತೆ ಸೇರ್ಬೇಡಿ. ಅಂದ ಹಾಗೆ ಈ ಜಯಮಂಗಲಿ ಹೊಳೆ ಹುಟ್ಟೋದು ನಿಮ್ಮ ದೇವರಾಯನದುರ್ಗದಲ್ಲೇ, ಎರಡೂ ಜಾಗದ ಫೋಟೋ ಒಟ್ಟಿಗೆ ಇಟ್ರೆ ಚೆಂದ ಇರುತ್ತೆ.

ಕ್ಯಾತ್ಸಂದ್ರ_ಕ್ಲಿಕ್:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೆದಿದೀರಾ. ಹಾಲಕ್ಕಿ ಮೇಡಂ, ಫ್ರೆಂಡಿಗೆ ಫೋನ್ ಮಾಡಿ ಹೇಳ್ದೆ, ಅವನಿಗೂ ಕಣ್ಣಿನ ವಿಷಯ ಗೊತ್ತಿರ್ಲಿಲ್ಲ, ಪ್ಲ್ಯಾನ್ ಕ್ಯಾನ್ಸಲ್. ಈ ಭಾನುವಾರ ಕೆರೆಗೇ ಹೋಗ್ತೀನಿ. ಒಂದು ಡೌಟು, ಈಗ ಫೆಬ್ರವರಿ, ಕೆರೆ ಬಿಟ್ರೆ ಹಳ್ಳಿ ದಾರೀಲಿ ಏನಾದ್ರೂ ಸಿಗುತ್ತಾ, ಅಲ್ಲಿ ಇಲ್ಲಿ ನಿಲ್ಲಿಸ್ಕೊಂಡು ತೆಗೆಯೋ ಥರ?

ಏರಿಮೇಲೆ:

ಸಿಗುತ್ತೆ ಸರ್. ಈಗ ಮುತ್ತುಗ ಹೂ ಬಿಡೋ ಕಾಲ, ಎಲೆ ಉದುರಿ ಕೊಂಬೆ ತುಂಬಾ ಕೇಸರಿ ಹೂ, ಒಂದು ಮರ ಸಿಕ್ರೆ ಸೂರಕ್ಕಿ, ಗೊರವಂಕ, ಪಿಕಳಾರ ಎಲ್ಲಾ ಅಲ್ಲಿಗೇ ಬರುತ್ತೆ. ಮರದಿಂದ ಸ್ವಲ್ಪ ದೂರ, ಹಿಂದೆ ಬೆಟ್ಟನೋ ತೋಟನೋ ಬರೋ ಹಾಗೆ ನಿಂತ್ಕೊಳ್ಳಿ, ಆಕಾಶ ಬರದ ಹಾಗೆ. ಕರೆಂಟ್ ವೈರ್ ಮೇಲೆ ನೀಲಕಂಠ ಇದ್ರೆ ಬೈಕ್ ನಿಲ್ಲಿಸಿ ಕಾಯಿರಿ, ಹುಳ ಹಿಡಿಯೋಕೆ ಕೆಳಗೆ ಇಳಿದಾಗ ರೆಕ್ಕೆಯ ನೀಲಿ ಪೂರ್ತಿ ಬಿಚ್ಚಿಕೊಳ್ಳುತ್ತೆ, ಅಲ್ಲಿಗೆ 1/2000 ಇಟ್ಕೊಂಡಿರಿ. ನಾನೂ ಭಾನುವಾರ ಆರೂಕಾಲಿಗೆ ಮೈದಾಳ ಏರಿ ಹತ್ರ ಇರ್ತೀನಿ, ರಾಗಿ ಚೀಲ ಎರಡಿದೆ, ಒಂದು ನಿಮಗೆ ತರ್ತೀನಿ. ಬಟ್ಟೆ ಮಾತ್ರ ಬಿಳಿ, ಕೆಂಪು ಹಾಕ್ಕೊಂಡು ಬರ್ಬೇಡಿ.