ಅಪ್ಪ–ಮಗಳಿಗೆ ಒಂದೇ ಸೆಕೆಂಡ್ ಹ್ಯಾಂಡ್ ಡೌನ್‌ಹಿಲ್ ಬೈಕ್: ಏನು ನೋಡಿ ತಗೋಬೇಕು?

ಪ್ರಶ್ನೆ (ಬರ್ನಬಿ, ಕೆನಡಾ)

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಬೈಕ್ ಮೆಕ್ಯಾನಿಕ್ ಒಬ್ಬರು ಇದ್ದಾರೆ ಅಂತ ಗೊತ್ತಾಯಿತು, ಅವರಿಗೇ ಈ ಪ್ರಶ್ನೆ. ನನ್ನ ಮಗಳಿಗೆ 14 ವರ್ಷ. ಹೋದ ಬೇಸಿಗೆಯಲ್ಲಿ ಗೆಳತಿಯರ ಜೊತೆ ವಿಸ್ಲರ್ ಬೈಕ್ ಪಾರ್ಕಿಗೆ (ಕುರ್ಚಿ ಲಿಫ್ಟಿನಲ್ಲಿ ಬೆಟ್ಟ ಹತ್ತಿ, ಸೈಕಲ್ಲಿನಲ್ಲಿ ಇಳಿಯುವ ಜಾಗ) ಹೋಗಿ ಬಂದಾಗಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಕಾವಲಿಗೆ ಅಂತ ಹೋದ ನಾನೂ ಬಾಡಿಗೆ ಬೈಕಿನಲ್ಲಿ ಇಳಿದು ನೋಡಿದೆ, ಈಗ ನನಗೂ ಹುಚ್ಚು. ಇಬ್ಬರಿಗೂ ಒಂದೊಂದು ಹೊಸ ಬೈಕು ಅನ್ನೋದು ಕನಸಿನ ಮಾತು. 2,500 ಡಾಲರ್ ಒಳಗೆ ಹಳೇ ಡೌನ್‌ಹಿಲ್ ಬೈಕ್ (ಬೆಟ್ಟ ಇಳಿಯೋಕೆ ಅಂತಲೇ ಮಾಡಿದ ಸೈಕಲ್) ಒಂದನ್ನು ತಗೊಂಡು ಇಬ್ಬರೂ ಹಂಚಿಕೊಂಡು ಓಡಿಸೋಣ ಅಂತ ಯೋಚನೆ. ನಾನು 175 ಸೆಂ.ಮೀ., 84 ಕೆ.ಜಿ. ಅವಳು 162 ಸೆಂ.ಮೀ., 52 ಕೆ.ಜಿ. ಯಾವ ಸೈಜು ತಗೋಬೇಕು? ಯಾವ ಮಾಡೆಲ್ ಒಳ್ಳೇದು?

ಉತ್ತರ (ಮೆಕ್ಯಾನಿಕ್, ಸ್ಕ್ವಾಮಿಶ್)

ನಮಸ್ಕಾರ ಸರ್. ನೀವು ಎತ್ತರದ ಲೆಕ್ಕದಿಂದ ಶುರು ಮಾಡಿದ್ದೀರಿ. ಅಂಗಡಿಗೆ ಬರುವ ಅಪ್ಪ-ಅಮ್ಮಂದಿರೆಲ್ಲ ಅಲ್ಲಿಂದಲೇ ಶುರು ಮಾಡೋದು. ಆದರೆ ಹಂಚಿಕೊಳ್ಳುವ ಬೈಕಿನಲ್ಲಿ ತೊಂದರೆ ಕೊಡೋದು ಎತ್ತರವಲ್ಲ, ತೂಕ. ನಿಮ್ಮಿಬ್ಬರ ಮಧ್ಯೆ 32 ಕೆ.ಜಿ. ವ್ಯತ್ಯಾಸ ಇದೆ. ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಅದನ್ನೇ.

ಎತ್ತರದ ವಿಷಯ ಬೇಗ ಮುಗಿಸಿಬಿಡ್ತೀನಿ. ಡೌನ್‌ಹಿಲ್ ಬೈಕಿನ ಮೇಲೆ ಯಾರೂ ಕೂರಲ್ಲ. ಸೀಟು ಪೂರ್ತಿ ಕೆಳಗೆ ಇರುತ್ತೆ, ಪೆಡಲ್ ಮೇಲೆ ನಿಂತೇ ಇಳಿಯೋದು. ಹಾಗಾಗಿ ಊರಿನ ಸೈಕಲ್ಲಿನ ಹಾಗೆ ಕಾಲಿನ ಉದ್ದಕ್ಕೆ ಸೀಟು ಹೊಂದಿಸುವ ಗೋಜಿಲ್ಲ. ಮೀಡಿಯಮ್ ತಗೊಳ್ಳಿ. 175ಕ್ಕೆ ಮೀಡಿಯಮ್ ಸ್ವಲ್ಪ ಚುರುಕಾಗಿ ಓಡುತ್ತೆ ಅಷ್ಟೆ, ಕಷ್ಟ ಅನಿಸಲ್ಲ. 162ಕ್ಕೆ ಲಾರ್ಜ್ ಕೊಟ್ಟರೆ ಮಾತ್ರ ತಿರುವಿನಲ್ಲಿ ಮುಂದಿನ ಚಕ್ರದ ಮೇಲೆ ಭಾರ ಹಾಕಲು ಆಗದೆ ಕೈ ಚಾಚಿಕೊಂಡು ಜೋತುಬೀಳ್ತಾಳೆ. ಚಿಕ್ಕವರಿಗೆ ಸರಿಹೋಗುವ ಬೈಕು ದೊಡ್ಡವರಿಗೂ ನಡೆಯುತ್ತೆ, ಅದನ್ನು ತಿರುಗುಮುರುಗು ಮಾಡೋಕೆ ಆಗಲ್ಲ.

ಈಗ ತೂಕಕ್ಕೆ ಬರೋಣ. ಡೌನ್‌ಹಿಲ್ ಬೈಕಿನಲ್ಲಿ ಮುಂದೆ, ಹಿಂದೆ ಎರಡೂ ಕಡೆ ಚಕ್ರ ಸುಮಾರು 200 ಮಿ.ಮೀ. ಮೇಲೆ ಸರಿಯುವಂಥ ಸಸ್ಪೆನ್ಷನ್ ಇರುತ್ತೆ. ಮುಂದಿನದಕ್ಕೆ ಫೋರ್ಕ್, ಹಿಂದಿನದಕ್ಕೆ ಶಾಕ್ ಅಂತೀವಿ. ಓಡಿಸುವವರು ಸುಮ್ಮನೆ ಮೇಲೆ ನಿಂತಾಗಲೇ ಹಿಂದಿನ ಶಾಕ್ ತನ್ನ ಸ್ಟ್ರೋಕಿನ, ಅಂದರೆ ಅದು ಪೂರ್ತಿ ಕುಗ್ಗಬಲ್ಲ ಉದ್ದದ, ಸುಮಾರು 30% ಕುಗ್ಗಬೇಕು. ಇದಕ್ಕೆ ಸ್ಯಾಗ್ ಅಂತೀವಿ. ಶಾಕಿನ ಸ್ಟ್ರೋಕ್ 75 ಮಿ.ಮೀ. ಇದ್ದರೆ 22 ಮಿ.ಮೀ. ಹತ್ತಿರ. ನಿಮ್ಮ ತೂಕಕ್ಕೆ ಸರಿಯಾಗಿ ಕೂರುವ ಶಾಕ್ ಅವಳ ತೂಕಕ್ಕೆ ಹೆಚ್ಚು ಬಗ್ಗೋದೇ ಇಲ್ಲ. ಬೇರು-ಕಲ್ಲಿನ ಮೇಲೆ ಹಿಂದಿನ ಚಕ್ರ ನೆಲ ಕಚ್ಚದೆ ಪುಟಿಯುತ್ತೆ. ಅವಳಿಗೆ ಹೊಂದಿಸಿದ್ದರ ಮೇಲೆ ನೀವು ಹತ್ತಿದರೆ ಪ್ರತಿ ಜಂಪಿಗೂ ತಳಕ್ಕೆ ಬಡಿಯುತ್ತೆ.

ಗಾಳಿ ಶಾಕ್ ಆದರೆ ಇದಕ್ಕೆ ಪರಿಹಾರ ಸುಲಭ. ಪುಟ್ಟ ಶಾಕ್ ಪಂಪ್ ಇಟ್ಟುಕೊಂಡು, ಅವಳು ಓಡಿಸುವ ಮೊದಲು ಗಾಳಿ ಇಳಿಸಿ, ನೀವು ಓಡಿಸುವ ಮೊದಲು ಏರಿಸಿದರೆ ಆಯಿತು. ಕಾಯಿಲ್, ಅಂದರೆ ಉಕ್ಕಿನ ಸ್ಪ್ರಿಂಗ್ ಆದರೆ ಸ್ಪ್ರಿಂಗನ್ನೇ ಬದಲಾಯಿಸಬೇಕು. ನಿಮಗೆ 450 ಪೌಂಡ್ ಗಟ್ಟಿತನದ್ದು ಬೇಕಾಗುವ ಫ್ರೇಮಿನಲ್ಲಿ ಅವಳಿಗೆ 275–300ರದ್ದು ಬೇಕಾಗುತ್ತೆ. ಸ್ಪ್ರಿಂಗನ್ನು ಬಿಗಿ ಮಾಡುವ ಪ್ರೀಲೋಡ್ ರಿಂಗ್ ತಿರುಗಿಸಿ ಸರಿಮಾಡ್ತೀನಿ ಅಂತ ಮಾರುವವರು ಹೇಳ್ತಾರೆ, ನಂಬಬೇಡಿ. ಒಂದೆರಡು ಸುತ್ತಿನಲ್ಲಿ ಸರಿಹೋಗದಿದ್ದರೆ ಆ ಸ್ಪ್ರಿಂಗೇ ನಿಮ್ಮದಲ್ಲ ಅಂತ ಅರ್ಥ.

ಆದ್ದರಿಂದ ಮಾಡೆಲ್ ಯಾವುದು ಅಂದರೆ: ಮೀಡಿಯಮ್, ಎರಡೂ ಕಡೆ ಗಾಳಿ, 27.5 ಇಂಚಿನ ಚಕ್ರ. ನಾರ್ಕೋ ಆರಮ್, ಜಯಂಟ್ ಗ್ಲೋರಿ, ರಾಕಿ ಮೌಂಟನ್ ಮೇಡನ್, ಟ್ರೆಕ್ ಸೆಷನ್, ವೈಟಿ ಟ್ಯೂಸ್, ಇವುಗಳಲ್ಲಿ ಯಾವುದು ಸುಸ್ಥಿತಿಯಲ್ಲಿ ಸಿಗುತ್ತೋ ಅದು. ಹಳೇ ಬೈಕಿನಲ್ಲಿ ಹಿಂದಿನ ಮಾಲೀಕ ಹೇಗೆ ನೋಡಿಕೊಂಡಿದ್ದಾನೆ ಅನ್ನೋದಕ್ಕೆ ಹೆಸರಿಗಿಂತ ಬೆಲೆ ಜಾಸ್ತಿ. 26 ಇಂಚಿನದ್ದು ಅಗ್ಗಕ್ಕೆ ಸಿಗುತ್ತೆ, ಆದರೆ ಒಳ್ಳೇ ಟಯರ್, ರಿಮ್ ಹುಡುಕಿ ಹುಡುಕಿ ಸಾಕಾಗುತ್ತೆ. 29ರಲ್ಲಿ ಕಡಿದಾದ ಕಡೆ ಸೊಂಟ ಹಿಂದೆ ಸರಿಸಿದಾಗ ಕುಳ್ಳಗಿನವರಿಗೆ ಹಿಂದಿನ ಟಯರ್ ತಾಗುತ್ತೆ. ಮುಂದೆ 29, ಹಿಂದೆ 27.5 ಇರುವ ಮಲೆಟ್ ಸಿಕ್ಕರೆ ಬಿಡಬೇಡಿ. ಸೈಕಲ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ 2019ರಲ್ಲಿ ರೇಸಿಗೆ ಒಪ್ಪಿದ ಮೇಲೆ ಹೆಚ್ಚು ಬಳಕೆಗೆ ಬಂದದ್ದು, ಹಾಗಾಗಿ ನಿಮ್ಮ ಬಜೆಟ್ಟಿಗೆ ಸಿಗೋದು ಸ್ವಲ್ಪ ಕಷ್ಟ.

ಇನ್ನೊಂದು ಮಾತು. ಬೈಕು ಒಂದೇ ಆದರೆ ಒಬ್ಬರು ಇಳಿಯುವಾಗ ಇನ್ನೊಬ್ಬರು ಕೆಳಗೆ ಕಾಫಿ ಕುಡೀತಾ ಕೂರಬೇಕು. ಇದನ್ನು ಮಗಳ ಜೊತೆ ಮೊದಲೇ ಮಾತಾಡಿಕೊಳ್ಳಿ. ಅಪ್ಪನ ಸರದಿ ಎಷ್ಟು ಹೊತ್ತಿಗೆ ಬರುತ್ತೆ ಅಂತ ನನಗೇನೋ ಅನುಮಾನ.

ಪ್ರಶ್ನೆ (ಬರ್ನಬಿ)

ತುಂಬಾ ಧನ್ಯವಾದ ಸರ್. ಸರದಿ ವಿಷಯ ಓದಿ ಹೆಂಡತಿ ನಕ್ಕಿದ್ದೇ ನಕ್ಕಿದ್ದು. ಪಿಂಕ್‌ಬೈಕ್ ವೆಬ್‌ಸೈಟಿನಲ್ಲಿ ಒಂದು ಜಾಹೀರಾತು ನೋಡಿದೆ: 2018ರ ಮಾಡೆಲ್, ಮೀಡಿಯಮ್, 27.5, ಮುಂದೆ ಗಾಳಿ ಫೋರ್ಕ್, ಹಿಂದೆ ಕಾಯಿಲ್. 2,300 ಕೇಳ್ತಿದ್ದಾರೆ. "ಒಂದೇ ಸೀಸನ್ ಓಡಿಸಿದ್ದು, ಸರ್ವಿಸ್ ಬೇಕಾಗಿಲ್ಲ" ಅಂತ ಬರೆದಿದ್ದಾರೆ. ಕಾಯಿಲ್ ಅಂದಕೂಡಲೇ ಬಿಟ್ಟುಬಿಡಬೇಕಾ? ಎಂಡ್ಯೂರೋ ಬೈಕ್ (ಹತ್ತೋಕೂ ಇಳಿಯೋಕೂ ಆಗುವಂಥದ್ದು) ತಗೊಳ್ಳಿ ಅಂತಲೂ ಕೆಲವರು ಹೇಳ್ತಾರೆ.

ಉತ್ತರ (ಮೆಕ್ಯಾನಿಕ್)

ಬಿಡಬೇಕಾಗಿಲ್ಲ. ಅವಳ ತೂಕಕ್ಕೆ ಇನ್ನೊಂದು ಸ್ಪ್ರಿಂಗ್ ತಂದಿಟ್ಟುಕೊಂಡು, ಈ ಶನಿವಾರ ಅವಳು, ಮುಂದಿನ ಶನಿವಾರ ನೀವು ಅಂತ ಓಡಿಸೋದಾದರೆ ಕಾಯಿಲ್ ಚೆನ್ನಾಗೇ ಇರುತ್ತೆ. ಮನೆಯಲ್ಲೇ ಶಾಕ್ ಬಿಚ್ಚಿ ಸ್ಪ್ರಿಂಗ್ ಬದಲಿಸಿ, ಟಾರ್ಕ್ ರೆಂಚಿನಲ್ಲಿ ಬೋಲ್ಟ್ ಬಿಗಿ ಮಾಡೋದು ಕಲಿತರೆ ಸಾಕು. ಸ್ಪ್ರಿಂಗ್ ತರುವಾಗ ಗಟ್ಟಿತನ ಒಂದೇ ನೋಡಬೇಡಿ, ಒಳವ್ಯಾಸ ಮತ್ತು ಸ್ಟ್ರೋಕ್ ಕೂಡ ನಿಮ್ಮ ಶಾಕಿಗೆ ಹೊಂದಬೇಕು. ಒಂದೇ ದಿನದಲ್ಲಿ ಅರ್ಧರ್ಧ ಹಂಚಿಕೊಳ್ಳೋದಾದರೆ ಮಾತ್ರ ಬೇಡ. ಪಾರ್ಕಿಂಗ್ ಲಾಟಿನಲ್ಲಿ ಮಳೆಯಲ್ಲಿ ಕೂತು ಶಾಕ್ ಬಿಚ್ಚುವ ಉತ್ಸಾಹ ಯಾರಿಗೂ ಹೆಚ್ಚು ದಿನ ಉಳಿಯಲ್ಲ.

"ಒಂದೇ ಸೀಸನ್" ಅನ್ನೋ ಮಾತಿಗೆ ನಾನು ಮರುಳಾಗಲ್ಲ. ವಿಸ್ಲರಿನಲ್ಲಿ ಸೀಸನ್ ಅಂದರೆ ಮೇ ತಿಂಗಳಿಂದ ಅಕ್ಟೋಬರ್. ಸೀಸನ್ ಪಾಸ್ ತಗೊಂಡು ವಾರಕ್ಕೆ ನಾಲ್ಕು ದಿನ ಇಳಿಯುವ ಹುಡುಗರ ಒಂದು ಸೀಸನ್ ನಿಮ್ಮಂಥವರ ಐದು ವರ್ಷಕ್ಕೆ ಸಮ. ಫಿಟ್ಸ್‌ಸಿಮನ್ಸ್ ಲಿಫ್ಟ್ 2023ರಲ್ಲಿ ಎಂಟು ಸೀಟಿನದ್ದಾದ ಮೇಲೆ ಕ್ಯೂ ಬೇಗ ಕರಗುತ್ತೆ, ದಿನಕ್ಕೆ ಇಳಿಯೋದೂ ಜಾಸ್ತಿ, ಬೈಕು ಸವೆಯೋದೂ ಜಾಸ್ತಿ. ಸಸ್ಪೆನ್ಷನ್ ಸರ್ವಿಸನ್ನು ಗಂಟೆಯಲ್ಲಿ ಲೆಕ್ಕ ಹಾಕ್ತಾರೆ. ರಾಕ್‌ಶಾಕ್ಸ್ ಫೋರ್ಕಿನ ಕೆಳಕಾಲುಗಳ ಎಣ್ಣೆಯನ್ನು 50 ಗಂಟೆಗೊಮ್ಮೆ ಬದಲಾಯಿಸಬೇಕು ಅಂತ ಕಂಪನಿಯೇ ಹೇಳುತ್ತೆ. ಸರ್ವಿಸ್ ಬೇಕಾಗಿಲ್ಲ ಅಂದವನು ಮಾಡಿಸಿಲ್ಲ ಅಂತಲೇ ತಿಳ್ಕೊಳ್ಳಿ. ಫೋರ್ಕ್, ಶಾಕ್ ಎರಡರ ಪೂರ್ತಿ ಸರ್ವಿಸಿಗೆ 400–500 ಡಾಲರ್ ಅಂತ ಇಟ್ಟುಕೊಂಡು, ರಸೀದಿ ತೋರಿಸದಿದ್ದರೆ ಅಷ್ಟನ್ನು ಬೆಲೆಯಲ್ಲಿ ಕಳೆದು ಮಾತಾಡಿ. 2,300 ಆದರೆ ನಾನು 1,800ರಿಂದ ಶುರು ಮಾಡ್ತೀನಿ.

ಎಂಡ್ಯೂರೋ ವಿಷಯ ಸರಿಯಾದ ಪ್ರಶ್ನೆ. ವಿಸ್ಲರಿನ ಸುಲಭ, ಮಧ್ಯಮ ಹಾದಿಗಳಾದ ಈಜಿ ಡಸ್ ಇಟ್, ಬಿ-ಲೈನ್, ಕ್ರ್ಯಾಂಕ್ ಇಟ್ ಅಪ್ ಇಷ್ಟರಲ್ಲೇ ಇರ್ತೀರಿ ಅಂದರೆ 160–170 ಮಿ.ಮೀ. ಎಂಡ್ಯೂರೋ ಬೇಕಾದಷ್ಟಾಯಿತು, ಅವಕ್ಕಿಂತ ಕಷ್ಟದ ಎ-ಲೈನ್ ಹಾದಿಗೂ ಸಾಕು. ಅದನ್ನು ಬರ್ನಬಿ ಮೌಂಟನ್ ಮೇಲೆ ಪೆಡಲ್ ತುಳಿದು ಹತ್ತಿಸಲೂಬಹುದು. ಡೌನ್‌ಹಿಲ್ ಬೈಕನ್ನು ಹತ್ತಿಸೋಕೆ ಆಗಲ್ಲ. 16 ಕೆ.ಜಿ. ಮೇಲಿನ ತೂಕ, ಹಲವು ಬೈಕಿನಲ್ಲಿ ಏಳೇ ಗೇರು. ಆದರೆ ಎಂಡ್ಯೂರೋದಲ್ಲಿ ಹತ್ತುವಾಗ ಸೀಟಿನ ಎತ್ತರ ಮುಖ್ಯ ಆಗುತ್ತೆ, ಅಲ್ಲಿ ನಿಮ್ಮಿಬ್ಬರ ಸೈಜಿನ ಅಂತರ ಕಾಡುತ್ತೆ. ಬರೀ ಲಿಫ್ಟಿನಲ್ಲಿ ಹೋಗಿ ಇಳಿಯೋದೇ ಆಸೆ ಅಂದರೆ ಡೌನ್‌ಹಿಲ್ ಬೈಕನ್ನೇ ತಗೊಳ್ಳಿ. ಆಗಸ್ಟ್ ಹೊತ್ತಿಗೆ ತಿರುವುಗಳ ಮುಂದೆ ಏಳುವ ಬ್ರೇಕಿಂಗ್ ಬಂಪ್‌ಗಳ ಮೇಲೆ ಕೈ ಸೋಲೋದು ಅದರಲ್ಲಿ ಬಹಳ ಕಡಿಮೆ.

ಪ್ರಶ್ನೆ (ಬೆಂಗಳೂರು)

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ ಅಣ್ಣ. ತುರಹಳ್ಳಿ, ಅವತಿ ಕಡೆ ಓಡಿಸೋಕೆ ಇಂಥದ್ದೊಂದು ಹಳೇ ಡೌನ್‌ಹಿಲ್ ಬೈಕ್ ತರಿಸಿಕೊಂಡರೆ ಹೇಗೆ?

ಉತ್ತರ (ಮೆಕ್ಯಾನಿಕ್)

ಬೇಡಪ್ಪ. ಅಲ್ಲಿ ಲಿಫ್ಟ್ ಇಲ್ಲ, ಹತ್ತಿದಷ್ಟೇ ಇಳಿಯೋದು. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಒಳ್ಳೇ ಹಾರ್ಡ್‌ಟೇಲೋ 130–140 ಮಿ.ಮೀ. ಟ್ರೇಲ್ ಬೈಕೋ ತಗೊಳ್ಳಿ. ಶಾಕಿನ ಸೀಲ್ ಹೋದರೆ ಬಿಡಿಭಾಗ ತರಿಸೋದೇ ದೊಡ್ಡ ಕಥೆ ಆಗುತ್ತೆ.

ಪ್ರಶ್ನೆ (ಬರ್ನಬಿ)

ಸರ್, ಭಾನುವಾರ ಆ ಬೈಕ್ ನೋಡೋಕೆ ಹೋಗ್ತಿದ್ದೀವಿ. ಮಾರುವ ಹುಡುಗ ಆಸ್ಟ್ರೇಲಿಯಾದವನಂತೆ, ಊರಿಗೆ ವಾಪಸ್ ಹೋಗ್ತಿದ್ದಾನಂತೆ. ಹತ್ತು-ಹದಿನೈದು ನಿಮಿಷದಲ್ಲಿ ನಾನೇ ಏನು ಪರೀಕ್ಷೆ ಮಾಡಬಹುದು?

ಉತ್ತರ (ಮೆಕ್ಯಾನಿಕ್)

ಆಸ್ಟ್ರೇಲಿಯಾದವನು ಅಂದಿದ್ದು ಒಳ್ಳೇದಾಯಿತು. ಮೊದಲು ಬ್ರೇಕ್ ನೋಡಿ. ಇಲ್ಲಿನ ಬೈಕುಗಳಲ್ಲಿ ಬಲಗೈ ಬ್ರೇಕ್ ಹಿಂದಿನ ಚಕ್ರಕ್ಕೆ. ಬ್ರಿಟನ್, ಆಸ್ಟ್ರೇಲಿಯಾದವರು ನಮ್ಮೂರಿನ ಸೈಕಲ್, ಮೋಟಾರ್ ಸೈಕಲ್ಲಿನ ಹಾಗೆ ಬಲಗೈಯನ್ನು ಮುಂದಿನ ಚಕ್ರಕ್ಕೆ ಹಾಕಿಸಿಕೊಂಡಿರ್ತಾರೆ. ನಿಮ್ಮ ಕೈಗೆ ಅದೇ ಸಹಜ ಅನಿಸಬಹುದು, ಮಗಳು ಕಲಿತಿರೋದು ಇಲ್ಲಿನ ರೀತಿ. ಗೊತ್ತಿಲ್ಲದೆ ಇಳಿಜಾರಿನಲ್ಲಿ ಬಲಗೈ ಜೋರಾಗಿ ಒತ್ತಿದರೆ ಹ್ಯಾಂಡಲ್ ದಾಟಿಕೊಂಡು ಹೋಗ್ತಾಳೆ. ಹಾಗಿದ್ದರೆ ಹೋಸ್ ಅದಲುಬದಲು ಮಾಡಿಸಿ, ಅಲ್ಲಿಯವರೆಗೆ ಅವಳನ್ನು ಹತ್ತಿಸಬೇಡಿ. ನೀವೂ ಅವಳ ರೀತಿಗೇ ಒಗ್ಗಿಕೊಳ್ಳಿ, ಬಾಡಿಗೆ ಬೈಕುಗಳೆಲ್ಲ ಹಾಗೇ ಇರೋದು.

ಆಮೇಲೆ ಬೈಕನ್ನು ತಲೆಕೆಳಗೆ ಮಾಡಿ. ಪೆಡಲಿನ ಮಧ್ಯದ ಬಾಟಮ್ ಬ್ರಾಕೆಟ್ ಕೆಳಗೆ ಸೀರಿಯಲ್ ನಂಬರ್ ಇರುತ್ತೆ, ಫೋಟೋ ತೆಗೆದು 529 ಗ್ಯಾರೇಜ್ ಆ್ಯಪಿನಲ್ಲಿ ಕದ್ದದ್ದಾ ಅಂತ ನೋಡಿ. ನಂಬರ್ ಕೆರೆದಿದ್ದರೆ ಮಾತು ಬೇಡ, ವಾಪಸ್ ಬನ್ನಿ. ಹಾಗೇ ಒದ್ದೆ ಬಟ್ಟೆಯಲ್ಲಿ ಮಣ್ಣು ಒರೆಸಿ, ಹ್ಯಾಂಡಲಿನ ಕೆಳಗೆ ಎರಡು ಪೈಪ್ ಸೇರುವ ಜಾಗ, ಶಾಕ್ ಕೂರುವ ಜಾಗ, ಬಾಟಮ್ ಬ್ರಾಕೆಟ್ ಸುತ್ತ ಬೆಸುಗೆ, ಇಷ್ಟನ್ನೂ ಮೊಬೈಲ್ ಟಾರ್ಚ್ ಹಾಕಿ ನೋಡಿ. ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಇದ್ದು, ಉಗುರು ಅದಕ್ಕೆ ಸಿಕ್ಕಿದರೆ ಬಿರುಕು ಅಂತಲೇ ಲೆಕ್ಕ. ಡೌನ್‌ಹಿಲ್ ಫೋರ್ಕಿಗೆ ಕಾಲುಗಳನ್ನು ಹಿಡಿಯುವ ಪಟ್ಟಿ (ಕ್ರೌನ್) ಎರಡು ಇರೋದರಿಂದ ಬಿದ್ದಾಗ ಫೋರ್ಕಿನ ಕಾಲು ಫ್ರೇಮಿಗೆ ಹೊಡೆಯುತ್ತೆ. ಅದಕ್ಕೇ ರಬ್ಬರ್ ಬಂಪರ್ ಕೊಟ್ಟಿರ್ತಾರೆ. ಬಂಪರ್ ಕಳೆದುಹೋಗಿದ್ದರೆ ಅಲ್ಲಿ ಫ್ರೇಮ್ ಗುಳಿ ಬಿದ್ದಿದೆಯಾ ಅಂತ ಕೈಯಾಡಿಸಿ ನೋಡಿ.

ಫೋರ್ಕಿನ ಒಳಗೆ ಜಾರುವ ನುಣುಪು ಕೊಳವೆಯ ಮೇಲೆ, ಸುತ್ತಲೂ, ಉಗುರು ಎಳೆಯಿರಿ. ಗೀರು ಸಿಕ್ಕಿದರೆ ಎಣ್ಣೆ ಸೋರುತ್ತೆ, ಆ ಭಾಗವನ್ನು ಪೂರ್ತಿ ಬದಲಿಸುವ ಖರ್ಚು ದೊಡ್ಡದು. ಮುಂದಿನ ಬ್ರೇಕ್ ಹಿಡಿದು ಹಿಂದೆ-ಮುಂದೆ ಅಲ್ಲಾಡಿಸಿದಾಗ ಟಕ್ ಟಕ್ ಅಂದರೆ ಸಡಿಲ ಆಗಿರೋದು ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಅಥವಾ ಫೋರ್ಕಿನ ಬುಷ್ (ಒಳಗಿನ ಕೊಳವೆ ಜಾರುವ ಉಂಗುರ). ಹೆಡ್‌ಸೆಟ್ ಆದರೆ ಚಿಲ್ಲರೆ ಖರ್ಚು, ಬುಷ್ ಆದರೆ ಅಲ್ಲ. ಸೀಟು ಹಿಡಿದು ನಿಧಾನ ಎತ್ತಿ: ಹಿಂದಿನ ಚಕ್ರ ನೆಲ ಬಿಡುವ ಮೊದಲು ಎಲ್ಲೋ ಸಣ್ಣಗೆ ಕಟ್ ಅಂದರೆ ಫ್ರೇಮಿನ ಕೀಲುಗಳ ಪಿವಟ್ ಬೇರಿಂಗೋ ಶಾಕಿನ ಬುಷ್ಷೋ ಸವೆದಿದೆ. ಆಗ ಮಗಳಿಗೆ ಸೀಟು ಎತ್ತೋಕೆ ಹೇಳಿ, ನೀವು ಒಂದೊಂದು ಕೀಲಿನ ಮೇಲೆ ಬೆರಳಿಟ್ಟು ನೋಡಿ. ಎಲ್ಲಿ ಅಲ್ಲಾಡ್ತಿದೆ ಅಂತ ಬೆರಳಿಗೇ ಗೊತ್ತಾಗುತ್ತೆ.

ಬ್ರೇಕ್ ಲಿವರ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಬ್ಲೀಡ್ (ಎಣ್ಣೆಯೊಳಗಿನ ಗಾಳಿ ತೆಗೆಯೋದು) ಮಾಡಿಸಬೇಕು, ಅದು ದೊಡ್ಡ ವಿಷಯವಲ್ಲ. ಯಾವ ಎಣ್ಣೆ ಹಾಕಿದ್ದೀಯ ಅಂತ ಮಾತ್ರ ಕೇಳಿ. ಶಿಮಾನೋಗೆ ಮಿನರಲ್ ಆಯಿಲ್, ಸ್ರಾಮ್ ಕೋಡ್, ಗೈಡ್‌ಗಳಿಗೆ ಡಾಟ್ ಫ್ಲೂಯಿಡ್. ತಪ್ಪಾಗಿ ಹಾಕಿದ್ದರೆ ಸೀಲ್‌ಗಳೆಲ್ಲ ಊದಿಕೊಂಡು ಹಾಳಾಗಿರುತ್ತೆ. ಲಿವರ್ ದೂರವನ್ನು ಅವಳ ಬೆರಳಿಗೆ ತಕ್ಕಂತೆ ಹತ್ತಿರ ಮಾಡಿಟ್ಟುಬಿಡಿ, ನಿಮಗೂ ಅದು ನಡೆಯುತ್ತೆ. ರಿಮ್ಮಿನ ಸಣ್ಣ ಗುಳಿ, ಸವೆದ ಟಯರ್, ಹಳೇ ಚೈನ್, ಇವಕ್ಕೆ ಹೆದರಬೇಡಿ, ಚೌಕಾಶಿಗೆ ಬಳಸಿ. ಹುಡುಗ ಹೆಲ್ಮೆಟ್ಟೂ ಸೇರಿಸಿ ಕೊಡ್ತೀನಿ ಅಂದರೆ ಬೇಡ ಅನ್ನಿ. ಬಿದ್ದ ಹೆಲ್ಮೆಟ್ ಹೊರಗಿಂದ ಗೊತ್ತಾಗಲ್ಲ. ಫುಲ್ ಫೇಸ್ ಹೆಲ್ಮೆಟ್ ಇಬ್ಬರಿಗೂ ಬೇರೆ ಬೇರೆ, ಹೊಸದೇ ಆಗಬೇಕು. ಬಜೆಟ್ಟಿನಲ್ಲಿ ಅದನ್ನು ಮೊದಲು ತೆಗೆದಿಡಿ.

ತಗೊಂಡ ಮೇಲೆ ಒಂದು ಕೆಲಸ ಇದೆ. ಫ್ರೇಮಿನ ಮೇಲಿನ ಪೈಪಿನ (ಟಾಪ್ ಟ್ಯೂಬ್) ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಎರಡು ಸಾಲು ಬರೆಯಿರಿ, ಒಂದು ನಿಮ್ಮದು, ಒಂದು ಅವಳದು: ಫೋರ್ಕಿನ ಗಾಳಿ, ಶಾಕಿನ ಗಾಳಿ ಅಥವಾ ಸ್ಪ್ರಿಂಗ್, ರೀಬೌಂಡ್ (ಕುಗ್ಗಿದ್ದು ವಾಪಸ್ ಏಳುವ ವೇಗ) ಎಷ್ಟು ಕ್ಲಿಕ್. ರೀಬೌಂಡಿನ ಕೆಂಪು ನಾಬನ್ನು ಪೂರ್ತಿ ಮುಚ್ಚಿ, ಅಲ್ಲಿಂದ ಕ್ಲಿಕ್ ಎಣಿಸುತ್ತಾ ತೆರೆಯಿರಿ. ಗಾಳಿ ಕಡಿಮೆ ಇದ್ದಾಗ ಕ್ಲಿಕ್ ಜಾಸ್ತಿ ತೆರೆದಿರಬೇಕು, ಅಂದರೆ ಅವಳ ಸಾಲಿನಲ್ಲಿ ನಿಮಗಿಂತ ದೊಡ್ಡ ಅಂಕಿ ಬರುತ್ತೆ. ಗಾಳಿ ಬದಲಾಯಿಸಿದ ಮೇಲೆ ಫೋರ್ಕನ್ನು ಹತ್ತು ಸಲ ಚೆನ್ನಾಗಿ ಒತ್ತಿ, ಮತ್ತೆ ಮೀಟರ್ ನೋಡಿ. ಒಳಗಿನ ಎರಡು ಕೋಣೆಗಳ ಗಾಳಿ ಸಮ ಆಗೋವರೆಗೆ ಅಂಕಿ ನಿಲ್ಲಲ್ಲ.

ಭಾನುವಾರ ಫೋಟೋ ಹಾಕಿ. ಶಾಕಿನ ಪಕ್ಕದ ಫೋಟೋ ಹತ್ತಿರದಿಂದ ಇರಲಿ, ಸ್ಪ್ರಿಂಗಿನ ಮೇಲೆ ಅಚ್ಚಾಗಿರುವ ಅಂಕಿ ಕಾಣೋ ಹಾಗೆ.