ಲೆಕ್ಕ ಬರುತ್ತದೆ, ಲೆಕ್ಕದ ವಾಕ್ಯ ಓದಲು ಬರುವುದಿಲ್ಲ. ನೀವು ಏನು ಮಾಡುತ್ತೀರಿ?

ಸೇಡಂ ಟೀಚರ್:
ಎಲ್ಲರಿಗೂ ನಮಸ್ಕಾರ. ಸೇಡಂ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ 7ನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ಬೋರ್ಡ್ ಮೇಲೆ 45 − 12 ಬರೆದರೆ ಮಕ್ಕಳು ಥಟ್ಟನೆ 33 ಅನ್ನುತ್ತಾರೆ. ಅದನ್ನೇ ಹೀಗೆ ಬರೆದೆ: "ಅಕ್ಕನ ಹತ್ತಿರ 45 ರೂಪಾಯಿ ಇದೆ. ಅದು ತಮ್ಮನ ಹತ್ತಿರ ಇರುವುದಕ್ಕಿಂತ 12 ರೂಪಾಯಿ ಹೆಚ್ಚು. ತಮ್ಮನ ಹತ್ತಿರ ಎಷ್ಟಿದೆ?" ಮುಕ್ಕಾಲು ಕ್ಲಾಸು 57 ಅಂತ ಬರೆಯಿತು. 'ಒಟ್ಟು', 'ಹೆಚ್ಚು' ಬಂದರೆ ಕೂಡಿಸಿ, 'ಉಳಿದ', 'ಕಡಿಮೆ' ಬಂದರೆ ಕಳೆಯಿರಿ ಅಂತ ಹಿಂದೆ ನಾನೇ ಹೇಳಿಕೊಟ್ಟಿದ್ದೆ. ಅದು ತಪ್ಪಾಯಿತು ಅಂತ ಈಗ ಅನಿಸುತ್ತಿದೆ.

ಮನೆಯಲ್ಲಿ ಕೆಲವರದು ಉರ್ದು, ಕೆಲವರದು ತೆಲುಗು, ತಾಂಡಾದಿಂದ ಬರುವವರದು ಲಂಬಾಣಿ. ಪುಸ್ತಕದ ಕನ್ನಡ ಎಲ್ಲರಿಗೂ ದೂರವೇ. ಕನ್ನಡ ಪೀರಿಯಡ್‌ನಲ್ಲಿ ಓದುವುದು ಕಲಿಯುತ್ತಾರೆ, ನಿಜ. ಆದರೆ ಲೆಕ್ಕ ಓದುವುದು ಬೇರೆ ಥರ ಅಲ್ವಾ? ಇರುವ 40 ನಿಮಿಷದಲ್ಲಿ ಇದನ್ನು ಹೇಗೆ ಕಲಿಸುವುದು?

ಬೀದರ್ ಹೈಸ್ಕೂಲ್:
ಮೇಡಂ, ಮೊದಲು ಮಗು ಎಲ್ಲಿ ಎಡವುತ್ತಿದೆ ಅಂತ ಹುಡುಕಿ. ಆಸ್ಟ್ರೇಲಿಯಾದ ಆನ್ ನ್ಯೂಮನ್ 1977ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುವುದು: ಲೆಕ್ಕ ಓದು, ಏನು ಕೇಳಿದ್ದಾರೆ ಹೇಳು, ಹೇಗೆ ಮಾಡುತ್ತೀಯ, ಬಾಯಲ್ಲಿ ಹೇಳುತ್ತಾ ಮಾಡಿ ತೋರಿಸು, ಈಗ ಉತ್ತರ ಬರೆ. ಇಷ್ಟೇ. ನನ್ನ ಕ್ಲಾಸಿನಲ್ಲಿ ಕೂಡುವುದು ಕಳೆಯುವುದಕ್ಕೆ ಬರುವ ಮೊದಲೇ, ಎರಡನೇ ಪ್ರಶ್ನೆಗೇ ಜಾಸ್ತಿ ಮಕ್ಕಳು ಸುಮ್ನೆ ನಿಂತುಬಿಟ್ಟರು. ಅವರಿಗೆ ಇನ್ನೂ ಹತ್ತು ಕಳೆಯುವ ಲೆಕ್ಕ ಕೊಟ್ಟು ಏನು ಪ್ರಯೋಜನ ಹೇಳಿ.

ಯಾದಗಿರಿಯಿಂದ:
ನಾನು ಹೇಳಬೇಕು ಅಂತಿರುವುದು ಪ್ರತ್ಯಯದ ವಿಷಯ. "5ನ್ನು 20ರಿಂದ ಕಳೆಯಿರಿ", "20ನ್ನು 5ರಿಂದ ಭಾಗಿಸಿ" ಇವೆರಡನ್ನೂ ಒಂದರ ಕೆಳಗೊಂದು ಬರೆದು ನೋಡಿ. ಕಳೆಯುವಾಗ 'ರಿಂದ' ಅಂಟಿಕೊಂಡದ್ದು ದೊಡ್ಡ ಸಂಖ್ಯೆಗೆ, ಭಾಗಿಸುವಾಗ ಅದೇ 'ರಿಂದ' ಚಿಕ್ಕದಕ್ಕೆ. ಕನ್ನಡ ಮನೆಮಾತಾಗಿರುವವರು ಇದನ್ನು ಗಮನಿಸುವುದೇ ಇಲ್ಲ, ಆದರೆ ಉರ್ದು ಮನೆಯ ಮಗು ಸಂಖ್ಯೆ ಬಂದ ಕ್ರಮದಲ್ಲೇ ಲೆಕ್ಕ ಬರೆದುಬಿಡುತ್ತದೆ, ಒಂದು ಸಲ ಸರಿ ಬರುತ್ತದೆ, ಇನ್ನೊಂದು ಸಲ ತಪ್ಪುತ್ತದೆ, ಯಾಕೆ ಅಂತ ಅದಕ್ಕೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಈಗ ನಾನು ಲೆಕ್ಕ ಮಾಡಿಸುವ ಮೊದಲು 'ರಿಂದ', 'ನ್ನು', 'ಕ್ಕಿಂತ', 'ರಂತೆ', 'ತಲಾ' ಇವುಗಳ ಕೆಳಗೆ ಗೆರೆ ಎಳೆಸುತ್ತೇನೆ.

ಪದಗಳೂ ಹಾಗೆಯೇ. 'ಸಮ ಸಂಖ್ಯೆ' ಬೇರೆ, 'ಸಮ ಭಾಗ' ಬೇರೆ. ಬೀಜಗಣಿತದಲ್ಲಿ 'ಪದ' ಅಂದಾಗ ನಮ್ಮ ಕಡೆಯ ಮಕ್ಕಳಿಗೆ ನೆನಪಾಗುವುದು ಹಾಡುವ ಪದ. ಇದಕ್ಕೆ ತಿರುಗಾಗಿ, ಮನೆಯಲ್ಲಿ ದೀಡ, ಅಡೀಚ ಅಂತ ದಿನಾ ಹೇಳುವ ಮಗು ಪುಸ್ತಕದಲ್ಲಿ ಒಂದೂವರೆ, ಎರಡೂವರೆ ನೋಡಿ ಹೆದರುತ್ತದೆ. ಎರಡನ್ನೂ ಪಕ್ಕಪಕ್ಕ ಬರೆದು ಗೋಡೆಗೆ ಅಂಟಿಸಿ.

ಕಲಬುರಗಿ ಸರ್:
ಬರೆಸುವುದರ ಬಗ್ಗೆ ಯಾರೂ ಹೇಳಲಿಲ್ಲ. ಮಕ್ಕಳಿಂದಲೇ ಲೆಕ್ಕ ಬರೆಸಿ. ನನ್ನ ಕ್ಲಾಸಿನ ಹುಡುಗ ಬರೆದ: "ತೊಗರಿ ಕ್ವಿಂಟಾಲಿಗೆ 7,000 ರೂಪಾಯಿ. ಅಪ್ಪ 9 ಚೀಲ ಮಾರಿದರು. ಎಷ್ಟು ದುಡ್ಡು ಬಂತು?" ಹಿಂದಿನ ಬೆಂಚಿನ ಹುಡುಗಿ ಎದ್ದು, ಚೀಲಕ್ಕೆ ಎಷ್ಟು ಕಿಲೋ ಅಂತ ಬರೆದೇ ಇಲ್ಲವಲ್ಲ ಸರ್ ಅಂದಳು. ಅವನು 50 ಕಿಲೋ ಅಂತ ಸೇರಿಸಿದ. ನಾಲ್ಕೂವರೆ ಕ್ವಿಂಟಾಲ್, 31,500 ರೂಪಾಯಿ. ಆ ಒಂದು ಮಾತಿನಿಂದ ಕ್ಲಾಸಿಗೆಲ್ಲ ಲೆಕ್ಕ ಓದುವುದು ಅಂದರೆ ಏನು ಅಂತ ತಿಳಿಯಿತು, ನನಗೆ ಅವತ್ತು ಬಹಳ ಖುಷಿಯಾಯಿತು.

ಮೇಡಂ, ನೀವಿರುವುದು ಸೇಡಂ. ನಿಮ್ಮ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಪೂರ್ತಿ ಪದ್ಯದಲ್ಲಿದೆ, ಮೊದಲು ಓದಿ ಅರ್ಥ ಮಾಡಿಕೊಳ್ಳದೆ ಲೆಕ್ಕ ಸಿಗುವುದೇ ಇಲ್ಲ. ಅದರಲ್ಲಿ ಒಂದು: ಬಾಳೆಹಣ್ಣಿನ 63 ಗುಡ್ಡೆ, ಎಲ್ಲವೂ ಒಂದೇ ಅಳತೆಯವು, ಜೊತೆಗೆ 7 ಬಿಡಿ ಹಣ್ಣು. 23 ಪ್ರಯಾಣಿಕರು ಸಮನಾಗಿ ಹಂಚಿಕೊಂಡರು. ಗುಡ್ಡೆಗೆ ಎಷ್ಟು ಹಣ್ಣು? 1, 2, 3 ಅಂತ ಇಟ್ಟು ನೋಡುತ್ತಾ ಹೋದರೆ 5ಕ್ಕೆ ಸರಿಹೋಗುತ್ತದೆ, ತಲಾ 14. ನಿಮ್ಮ ಮಕ್ಕಳಿಗೆ ಖಂಡಿತ ಆಗುತ್ತದೆ.

ಸೇಡಂ ಟೀಚರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೀದರ್ ಸರ್ ಹೇಳಿದ ಹಾಗೆ ಇವತ್ತು ನಾಲ್ವರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿದೆ. ನಾಲ್ವರೂ ತಡವರಿಸದೆ ಓದಿದರು. "ಅದು 12 ರೂಪಾಯಿ ಹೆಚ್ಚು" ಅಂತ ಇದೆಯಲ್ಲ, 'ಅದು' ಅಂದರೆ ಯಾರ ದುಡ್ಡು ಅಂತ ಕೇಳಿದೆ. ಮೂವರು ತಮ್ಮನದು ಅಂದರು. ನಾನು ಇಷ್ಟು ದಿನ 'ಹೆಚ್ಚು' ಅನ್ನುವ ಮಾತನ್ನೇ ದೂರುತ್ತಿದ್ದೆ. ನಾಳೆ 'ಅದು' ಇರುವ ಜಾಗದಲ್ಲಿ 'ಅಕ್ಕನ ದುಡ್ಡು' ಅಂತ ಅವರ ಕೈಯಿಂದಲೇ ಬರೆಸಿ ಮತ್ತೆ ಕೇಳುತ್ತೇನೆ. ಬಾಳೆಹಣ್ಣಿನ ಲೆಕ್ಕ ಶನಿವಾರಕ್ಕೆ ಇಟ್ಟುಕೊಂಡಿದ್ದೇನೆ.