ಸಹಾಯ ಬೇಕು: 122 ಕೆಜಿ ತೂಕದ ರೋಗಿಯನ್ನು ಬೋರಲು ಮಲಗಿಸುವ ಬಗ್ಗೆ

ಎಲ್4-ಎಲ್5 ಫ್ಯೂಷನ್ (ಸೊಂಟದ ಭಾಗದ ಎರಡು ಕಶೇರುಕ ಬೆಸೆಯುವ ಶಸ್ತ್ರಚಿಕಿತ್ಸೆ), ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 41. ಹೊಟ್ಟೆ ಟೇಬಲ್‌ಗೆ ಒತ್ತಿದರೆ ಎಪಿಡ್ಯೂರಲ್ (ಬೆನ್ನುಹುರಿಯ ಹೊದಿಕೆಯ ಸುತ್ತಲಿನ) ರಕ್ತನಾಳಗಳು ಉಬ್ಬಿ ರಕ್ತಸ್ರಾವ ಜಾಸ್ತಿ, ವೆಂಟಿಲೇಟರ್ ಒತ್ತಡವೂ ಏರುತ್ತದೆ. ಹಾಗಾಗಿ ಹೊಟ್ಟೆಯನ್ನು ಜೋಲಲು ಬಿಡಲೇಬೇಕು. ತೊಡಕಿರುವುದು ಸೊಂಟದ ಪ್ಯಾಡ್‌ನಲ್ಲಿ. ಭಾರವೆಲ್ಲ ಅದರ ಮೇಲೆ ಕೂತು ನರ ಒತ್ತಿಹೋಗಿ ತೊಡೆಯ ಹೊರಬದಿ ಮರಗಟ್ಟುತ್ತದೆ. ಅಗಲದ ಫೋಮ್, ಜೆಲ್: ಯಾವುದು ವಾಸಿ? ಟೇಬಲ್ ಎಷ್ಟು ತೂಕ ತಡೆಯುತ್ತದೆಂದು ನೋಡಿಯಾಗಿದೆ (ಇದನ್ನೇ ಹಲವರು ಮರೆಯುತ್ತಾರೆ).

120 ಕೆಜಿ ದಾಟಿರುವುದರಿಂದ ಸೋಂಕು ತಡೆಯಲು ಸೆಫಾಝೋಲಿನ್ (ಆಂಟಿಬಯಾಟಿಕ್) 3 ಗ್ರಾಂ, ಛೇದನಕ್ಕೆ ಮುಂಚಿನ 60 ನಿಮಿಷದೊಳಗೆ. 4 ಗಂಟೆ ಮೀರಿದರೆ ಇನ್ನೊಂದು ಡೋಸ್.

ಸೋಂಕಿನ ಲೆಕ್ಕಕ್ಕೆ ಬಿಎಂಐಗಿಂತ ಬೆನ್ನಿನ ಕೊಬ್ಬಿನ ದಪ್ಪವನ್ನೇ ನಂಬುವುದು ಮೇಲು. ಎಂಆರ್‌ಐನಲ್ಲಿ ಚರ್ಮದಿಂದ ಲ್ಯಾಮಿನಾವರೆಗೆ (ಕಶೇರುಕದ ಹಿಂಬದಿಯ ಮೂಳೆ) 9 ಸೆಂ.ಮೀ. ಇದೆ. ಇಷ್ಟು ಆಳದಲ್ಲಿ ಪೊಳ್ಳು ಉಳಿಯದಂತೆ ಎಷ್ಟು ಪದರ ಹೊಲಿಗೆ ಹಾಕುತ್ತೀರಿ? ಡ್ರೇನ್ (ಗಾಯದ ದ್ರವ ಹೊರಹರಿಸುವ ಕೊಳವೆ) ಯಾವಾಗ ತೆಗೆಯುತ್ತೀರಿ?